ಮದುವೆಯ ಪಂಕ್ತಿ ಮತ್ತು ಊರಿನ ಹಳ್ಳ

ಅಡಿಕೆ ಕೊಯ್ಲು ಮುಗಿದು, ಅಂಗಳದಲ್ಲಿ ಚಪ್ಪರ ಏಳುವ ಕಾಲ ಮತ್ತೆ ಬಂದಿದೆ. ಯುಗಾದಿಯ ಹಿಂದುಮುಂದಿನ ಈ ಕೆಲವು ತಿಂಗಳು ಮಲೆನಾಡಿನಲ್ಲಿ ಮದುವೆಗಳ ಸುಗ್ಗಿ. ಹಳ್ಳಗಳು ಬತ್ತುವ, ಬಾವಿಗಳ ತಳ ಕಾಣುವ ಕಾಲವೂ ಇದೇ. ಈ ಎರಡು ಸಂಗತಿಗಳಿಗೆ ಸಂಬಂಧವಿದೆಯೆಂದು ನಮಗೆ ಮನದಟ್ಟಾದದ್ದು ಕಳೆದ ಬೇಸಿಗೆಯ ಕೊನೆಯಲ್ಲಿ.

ಮಳೆ ಹಿಡಿಯುವ ಮುನ್ನ ಹಳ್ಳದ ಹೂಳು ತೆಗೆಯಲೆಂದು ನಮ್ಮ ಬಳಗದವರು ಕಾಲೇಜು ವಿದ್ಯಾರ್ಥಿಗಳೊಡನೆ ಇಳಿದಿದ್ದೆವು. ಕಿರುಸೇತುವೆಯ ಕೆಳಗೆ ಬಿಳಿಯ ಗಂಟುಗಳ ಒಂದು ರಾಶಿಯಿತ್ತು. ಬಿಚ್ಚಿ ನೋಡಿದರೆ ಒಳಗೆ ಕಪ್ಪಾಗಿ ಕೊಳೆತ ಬಾಳೆಎಲೆ, ಅನ್ನ, ಅರ್ಧ ತಿಂದ ಹೋಳಿಗೆ, ಕಾಗದದ ಲೋಟ, ನೀರಿನ ಬಾಟಲಿ. ಎಲ್ಲವನ್ನೂ ಸುತ್ತಿದ್ದು ಊಟದ ಮೇಜಿಗೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ. ಒಂದು ಗಂಟಿನಲ್ಲಿ ತಾಂಬೂಲದ ಚೀಲವೂ ಸಿಕ್ಕಿತು. ಅದರ ಮೇಲಿದ್ದ ವಧೂವರರ ಹೆಸರುಗಳನ್ನು ಓದಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಆರತಕ್ಷತೆಗೆ ನಮ್ಮಲ್ಲಿ ಹಲವರು ಹೋಗಿದ್ದೆವು. ಆ ಹಾಳೆಯ ಮೇಲೆಯೇ ಎಲೆ ಹಾಕಿಸಿಕೊಂಡು ತೃಪ್ತಿಯಿಂದ ಉಂಡಿದ್ದೆವು.

ಆದ್ದರಿಂದ ಈ ಬರಹ ಯಾರ ಮೇಲಿನ ದೂರೂ ಅಲ್ಲ. ಮದುವೆಯ ಕಸದ ಹಣೆಬರಹ ಊಟ ಮುಗಿದ ಮೇಲಲ್ಲ, ಮೇಜುಗಳನ್ನು ಹೇಗೆ ಜೋಡಿಸಬೇಕೆಂದು ಯೋಚಿಸುವ ಹೊತ್ತಿಗೇ ನಿರ್ಧಾರವಾಗುತ್ತದೆ ಎಂಬ ಒಂದು ಮಾತನ್ನು ಮಾತ್ರ ಓದುಗರ ಮುಂದಿಡಲು ಬಯಸುತ್ತೇವೆ.

ಬಾಳೆಎಲೆಯಾಗಲಿ, ಎಲೆಯ ಮೇಲೆ ಉಳಿದ ಅನ್ನವಾಗಲಿ ಕಸವಲ್ಲ; ಗೊಬ್ಬರದ ಗುಂಡಿಗೆ ಬಿದ್ದರೆ ಮುಂದಿನ ವರ್ಷ ತೋಟದ ಬುಡಕ್ಕೆ ಬರುವ ಸಾರ. ಮೇಜಿನ ಹಾಸನ್ನು ಒಂದು ತುದಿಯಿಂದ ಸುತ್ತಿಕೊಂಡು ಹೋದ ಕ್ಷಣದಲ್ಲಿಯೇ ಅದು ಕಸವಾಗುತ್ತದೆ. ಒಮ್ಮೆ ಪ್ಲಾಸ್ಟಿಕ್ಕಿನೊಳಗೆ ಸೇರಿದ ಎಂಜಲನ್ನು ಯಾರೂ ಬೇರ್ಪಡಿಸುವುದಿಲ್ಲ. ಅನ್ನದ ವಾಸನೆ ಹಿಡಿದು ಬರುವ ದನಕರುಗಳು ಹಾಳೆಯ ಸಮೇತ ತಿನ್ನುತ್ತವೆ. ಹೊಟ್ಟೆಗೆ ಹೋದ ಹಾಳೆ ಅಲ್ಲಿಯೇ ಗಂಟುಕಟ್ಟಿ ಮೇವಿನ ದಾರಿಯನ್ನು ಮುಚ್ಚುತ್ತದೆ. ಉಳಿದದ್ದು ಮೊದಲ ಮಳೆಗೆ ತೇಲಿ ಕೆಳಗಿನ ಊರಿನ ಗದ್ದೆಗೆ, ಹೊಳೆಗೆ ಸೇರುತ್ತದೆ.

ಕಾನೂನು ಇಲ್ಲವೆಂದಲ್ಲ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ನಿಷೇಧದ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳ ಜತೆಗೆ ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯ ಹೆಸರೂ ಸ್ಪಷ್ಟವಾಗಿದೆ. ದಪ್ಪ ಎಷ್ಟೇ ಇರಲಿ, ನಿಷೇಧ ನಿಷೇಧವೇ. 2022ರ ಜುಲೈ 1ರಿಂದ ದೇಶಾದ್ಯಂತ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಲ್ಲದೆ ಅಲಂಕಾರದ ಥರ್ಮಾಕೋಲ್, ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಪೊರೆಗಳೂ ಇದ್ದವು. ನೀರಿನ ಬಾಟಲಿ ಮಾತ್ರ ಅದರಲ್ಲಿ ಸೇರಲಿಲ್ಲ. ಆದರೆ ಕಾನೂನು ಚಪ್ಪರದೊಳಗೆ ಬಂದು ಎಲೆ ಹಾಕುವುದಿಲ್ಲ. ಹಾಕುವವರು ನಾವು.

ಪ್ಲಾಸ್ಟಿಕ್ ಹಾಸು ಬಂದದ್ದಾದರೂ ಏಕೆ? ಒಂದು ಪಂಕ್ತಿ ಏಳುವುದಕ್ಕೂ ಮುಂದಿನ ಪಂಕ್ತಿ ಕೂರುವುದಕ್ಕೂ ನಡುವೆ ಇರುವ ಅವಸರದಿಂದ. ಆ ಅವಸರಕ್ಕೆ ಬೇರೆ ಉತ್ತರ ಹುಡುಕಿದರೆ ಹಾಸಿನ ಅಗತ್ಯವೇ ಇರುವುದಿಲ್ಲ. 400 ಜನರ ಊಟವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಂದು ಎಲೆಗೆ ಎರಡು ಅಡಿ ಜಾಗ ಬೇಕು. ಆರು ಅಡಿಯ ಮೇಜಿಗೆ ಮೂರು ಎಲೆ. ಆರು ಮೇಜುಗಳ ಆರು ಸಾಲು ಹಾಕಿದರೆ 108 ಎಲೆ, ನಾಲ್ಕು ಪಂಕ್ತಿಗೆ ಊಟ ಮುಗಿಯುತ್ತದೆ. ಎರಡೆರಡು ಸಾಲುಗಳನ್ನು ಎದುರುಬದುರಾಗಿ ಇರಿಸಿ, ನಡುವೆ ಬಡಿಸುವವರು ಬಕೆಟ್ ಹಿಡಿದು ಸರಾಗವಾಗಿ ಓಡಾಡಲು ಐದು ಅಡಿ ಬಿಡಬೇಕು. ಕುರ್ಚಿಗಳಿಗೂ ಅವುಗಳ ಹಿಂದಿನ ದಾರಿಗೂ ಮೂರು ಮೂರು ಅಡಿ. ಸುಮಾರು 45 ಅಡಿಗೆ 50 ಅಡಿಯ ಚಪ್ಪರದಲ್ಲಿ ಇಷ್ಟೂ ಹಿಡಿಯುತ್ತದೆ.

ಇನ್ನು ಹಾಸಿನ ಬದಲಿಗೆ ಏನು? ಬರಿಯ ಮೇಜು, ಒದ್ದೆ ಬಟ್ಟೆ, ಎಲೆ ಎತ್ತುವ ಬುಟ್ಟಿ. ಇಬ್ಬಿಬ್ಬರ ನಾಲ್ಕು ಜೋಡಿಗಳು ಹಂಚಿಕೊಂಡರೆ ಜೋಡಿಗೆ ಒಂಬತ್ತು ಮೇಜು. ಒಬ್ಬರು ಎಲೆ ಎತ್ತಿ ಇನ್ನೊಬ್ಬರು ಒರೆಸಲು ಮೇಜಿಗೆ ಒಂದು ನಿಮಿಷ ಹಿಡಿದರೂ ಒಂಬತ್ತು ನಿಮಿಷಕ್ಕೆ ಚಪ್ಪರ ಮುಂದಿನ ಪಂಕ್ತಿಗೆ ಸಿದ್ಧ. ಬುಟ್ಟಿ ನೇರವಾಗಿ ಗೊಬ್ಬರದ ಗುಂಡಿಗೆ. ಕೈತೊಳೆಯುವ ನೀರಿನ ಜಾಗವನ್ನು ಬಾಳೆಯ ಅಥವಾ ತೆಂಗಿನ ಬುಡದ ಕಡೆಗೆ ಇರಿಸಿಕೊಂಡರೆ ಬೇಸಿಗೆಯ ಆ ನೀರೂ ವ್ಯರ್ಥವಾಗದು. ಕಾಗದದ ಹಾಸೆಂದು ಮಾರುವ ಸುರುಳಿಗಳ ಬಗ್ಗೆಯೂ ಎಚ್ಚರವಿರಲಿ; ಎಷ್ಟೋ ಬಾರಿ ಅವುಗಳಿಗೆ ತೆಳುವಾದ ಪ್ಲಾಸ್ಟಿಕ್ ಲೇಪವಿರುತ್ತದೆ. ನೆನೆಸಿ ಹರಿದು ನೋಡಿದರೆ ಗುಟ್ಟು ಬಯಲಾಗುತ್ತದೆ.

ಬಾಟಲಿಯ ನೀರನ್ನು ಜನ ತರಿಸುವುದು ಡೌಲಿಗೆ ಮಾತ್ರವಲ್ಲ, ಕಾಮಾಲೆಯಂಥ ರೋಗದ ಭಯಕ್ಕೆ. ಆ ಭಯ ಸುಳ್ಳಲ್ಲ. ಹಿಂದಿನ ದಿನವೇ ಚೆನ್ನಾಗಿ ಕುದಿಸಿ, ಲಾವಂಚದ ಬೇರನ್ನೋ ಜೀರಿಗೆಯನ್ನೋ ಹಾಕಿ ಆರಿಸಿ ಮುಚ್ಚಿಟ್ಟ ನೀರು ಅದಕ್ಕೆ ತಕ್ಕ ಉತ್ತರ. ತಲೆಗೆ ಅರ್ಧ ಲೀಟರಿನಂತೆ 400 ಜನರಿಗೆ ಬೇಕಾದದ್ದು 200 ಲೀಟರು. ಊರಿನ ಸ್ತ್ರೀಶಕ್ತಿ ಸಂಘವೋ ಯುವಕ ಮಂಡಲವೋ ನಾಲ್ಕು ನೂರು ಸ್ಟೀಲ್ ಲೋಟಗಳನ್ನು ಕೊಂಡಿಟ್ಟರೆ ಮನೆಮನೆಯ ಮದುವೆಗೂ ಅವೇ ಸಾಕು. ಬಾಡಿಗೆಯಿಂದ ಸಂಘಕ್ಕೂ ನಾಲ್ಕು ಕಾಸು.

ಹಿಂದಿನದೆಲ್ಲ ಚಿನ್ನವೆಂದು ನಾವು ಹೇಳುತ್ತಿಲ್ಲ. ನೆಲದ ಮೇಲೆ ಕೂರಲಾಗದ ಹಿರಿಯರಿಗೆ ಮೇಜು ಬೇಕು. ನಮ್ಮ ಹಳೆಯ ಪಂಕ್ತಿಗಳಲ್ಲಿ ಎಲೆ ಹಸಿರಾಗಿತ್ತೇ ಹೊರತು ಮನಸ್ಸು ಹಸಿರಾಗಿರಲಿಲ್ಲ. ಯಾರು ಒಳಗೆ, ಯಾರು ಅಂಗಳದಲ್ಲಿ, ಯಾರು ಎಲ್ಲರೂ ಉಂಡ ಮೇಲೆ ಎಂಬ ಪಂಕ್ತಿಭೇದವನ್ನು ಈ ಊರುಗಳು ಕಂಡಿವೆ. ಇಂದಿಗೂ ಗಣ್ಯರಿಗೆಂದು ಬೇರೆಯೇ ಮೇಜು ಸಿಂಗರಿಸುವ, ಚಪ್ಪರಕ್ಕೆ ಕಂಬ ಹೊತ್ತವರಿಗೂ ಅಡಿಕೆ ಸುಲಿಯಲು ಬಂದವರಿಗೂ ಹೋಳಿಗೆ ಮುಗಿದ ಮೇಲೆ ಎಲೆ ಹಾಕುವ ಮನೆಗಳುಂಟು. ಮೇಜುಗಳ ನಕ್ಷೆ ಬರೆಯುವಾಗ ಇದನ್ನೂ ತಿದ್ದಬಹುದು. ಎಲ್ಲ ಸಾಲುಗಳೂ ಒಂದೇ ಬಗೆಯವಾಗಿರಲಿ. ದುಡಿದವರು ಮೊದಲ ಪಂಕ್ತಿಯಲ್ಲಿಯೇ ನಂಟರ ಪಕ್ಕ ಕೂರಲಿ.

ಇದೇ ಮಲೆನಾಡಿನ ಮಗನಾದ ಕುವೆಂಪು ‘ಮಂತ್ರ ಮಾಂಗಲ್ಯ’ದ ಮೂಲಕ ಆಡಂಬರವಿಲ್ಲದ ವಿವಾಹದ ದಾರಿಯನ್ನು ತೋರಿಸಿಕೊಟ್ಟರು. ಆ ದಾರಿಯಲ್ಲಿ ನಡೆಯುವ ತರುಣ ತರುಣಿಯರು ಇಂದಿಗೂ ಇದ್ದಾರೆ. ಅವರಿಗೆ ನಮ್ಮ ಗೌರವ. ಅಷ್ಟು ದೂರ ಹೋಗಲು ಮನೆಯವರು ಒಪ್ಪದಿದ್ದರೆ, ಮದುವೆಯ ಊಟವನ್ನಾದರೂ ಹಳ್ಳಕ್ಕೆ ಭಾರವಾಗದಂತೆ ಮಾಡುವುದು ಯಾವ ಶಾಸ್ತ್ರಕ್ಕೂ ವಿರೋಧವಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಈ ಸಲ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಮದುವೆ ನಿಶ್ಚಯವಾದರೆ, ಅಡುಗೆಯವರಿಗೆ ವೀಳ್ಯ ಕೊಡುವ ದಿನವೇ ಹಿರಿಯರ ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ಹಾಳೆಯ ಮೇಲೆ ಮೇಜುಗಳ ಸಾಲನ್ನು ಬರೆದು ತೋರಿಸಿ. ಎಲೆ ಎತ್ತುವ ನಾಲ್ಕು ಜೋಡಿಗಳಲ್ಲಿ ಮೊದಲನೆಯದಕ್ಕೆ ನಿಮ್ಮ ಹೆಸರನ್ನೇ ಬರೆಯಿರಿ. ಎಂಜಲೆಲೆ ಎತ್ತಲು ಮನೆಯ ಮಕ್ಕಳೇ ಮುಂದಾದರೆ ಪ್ಲಾಸ್ಟಿಕ್ ಹಾಸು ಬೇಕೆಂದು ಹಟ ಹಿಡಿಯುವ ಹಿರಿಯರು ಹೆಚ್ಚು ಮಂದಿ ಇರಲಾರರು.

ಮಳೆಗೆ ಮುನ್ನ ನಾವು ಮತ್ತೆ ಆ ಕಿರುಸೇತುವೆಯ ಕೆಳಗೆ ಇಳಿಯಲಿದ್ದೇವೆ. ಈ ಬಾರಿ ನಮಗೆ ಪರಿಚಿತವಾದ ಯಾವ ಹೆಸರೂ ಅಲ್ಲಿ ಸಿಗದಿರಲಿ.