ಒಬ್ಬರ ಕಣ್ಣಿನ ಡ್ರಾಪ್ಸ್ ಇನ್ನೊಬ್ಬರಿಗೂ ಆಗುತ್ತದೆಯೇ?

2023ರ ಮಳೆಗಾಲದಲ್ಲಿ ರಾಜ್ಯದಾದ್ಯಂತ ಕೆಂಗಣ್ಣು ಬೇನೆ ಹರಡಿದಾಗ ಹೆಚ್ಚು ಪ್ರಕರಣಗಳು ವರದಿಯಾದ ಜಿಲ್ಲೆಗಳಲ್ಲಿ ಬೀದರ್ ಮುಂದಿತ್ತು. ಮನೆಯಲ್ಲಿ ಒಬ್ಬರಿಗೆ ‘ಕಣ್ಣು ಬಂದಾವ’ ಎಂದರೆ ಕಪಾಟಿನಲ್ಲಿರುವ ಹಳೆಯ ಡ್ರಾಪ್ಸ್ ಹೊರಬರುತ್ತದೆ. ಪೊರೆಯ ಆಪರೇಷನ್ ಆದ ಅಜ್ಜಿಗೆ ವೈದ್ಯರು ಬರೆದುಕೊಟ್ಟದ್ದು ಮೊಮ್ಮಗನ ಕಣ್ಣಿಗೂ ಬೀಳುತ್ತದೆ. ಮರುದಿನ ಕೆಂಪು ಇಳಿದರೆ ಔಷಧಿ ಚೆನ್ನಾಗಿದೆ ಎಂದು ನಂಬಿಬಿಡುತ್ತೇವೆ. ಆದರೆ ಕೆಂಪು ಇಳಿಯುವುದೂ ರೋಗ ವಾಸಿಯಾಗುವುದೂ ಒಂದೇ ಅಲ್ಲ.

ಕೆಂಪು ಇಳಿಸುವುದು ಯಾವುದು?

ಪೊರೆಯ ಆಪರೇಷನ್ ನಂತರ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್ ಎಂಬ ಹೆಸರು ಲೇಬಲ್ ಮೇಲಿದ್ದರೆ ಅದು ಸ್ಟೀರಾಯ್ಡ್. ಇದು ಉರಿಯೂತವನ್ನು ಬೇಗ ತಗ್ಗಿಸುತ್ತದೆ. ಜೊತೆಗೆ, ಸೋಂಕಿನ ವಿರುದ್ಧ ಹೋರಾಡುವ ಕಣ್ಣಿನ ಶಕ್ತಿಯನ್ನೂ ಕುಗ್ಗಿಸುತ್ತದೆ.

ಸೋಯಾ, ತೊಗರಿ, ಕಬ್ಬು ಬೆಳೆಯುವ ಭಾಲ್ಕಿ, ಔರಾದ್ ಕಡೆಯ ರೈತರಿಗೆ ಈ ಮಾತು ಹೆಚ್ಚು ಮುಖ್ಯ. ಕಬ್ಬಿನ ಗರಿ ಅಥವಾ ರಾಶಿಯ ಹೊಟ್ಟು ಕಣ್ಣಿಗೆ ತಾಗಿ ಗಾಯವಾದರೆ ಅಲ್ಲಿ ಶಿಲೀಂಧ್ರ ಬೆಳೆದು ಹುಣ್ಣಾಗಬಹುದು. ಅದಕ್ಕೆ ಸ್ಟೀರಾಯ್ಡ್ ಹಾಕಿದರೆ ನೋವು, ಕೆಂಪು ತಗ್ಗಿದಂತೆ ಕಂಡರೂ ಹುಣ್ಣು ಒಳಗೆ ಇಳಿಯುತ್ತ ಹೋಗಿ ದೃಷ್ಟಿಯೇ ಹೋಗಬಹುದು.

ಇನ್ನು, ವಾರಗಟ್ಟಲೆ ಸ್ಟೀರಾಯ್ಡ್ ಹಾಕಿಕೊಂಡರೆ ಸುಮಾರು ಮೂರರಲ್ಲಿ ಒಬ್ಬರಿಗೆ ಕಣ್ಣೊಳಗಿನ ಒತ್ತಡ ಏರುತ್ತದೆ. ಆಗ ನೋವಿರುವುದಿಲ್ಲ, ಗೊತ್ತೂ ಆಗುವುದಿಲ್ಲ. ಇದೇ ಮುಂದೆ ಗ್ಲಾಕೋಮಾ ಆಗಿ, ಕಳೆದ ದೃಷ್ಟಿ ಮರಳಿ ಬರುವುದಿಲ್ಲ.

ಹಾಗಾದರೆ ಕೆಂಗಣ್ಣಿಗೆ ಏನು ಮಾಡಬೇಕು?

ಮಳೆಗಾಲದ ಕೆಂಗಣ್ಣು ಬೇನೆ ಬಹುಪಾಲು ವೈರಸ್‌ನಿಂದ ಬರುತ್ತದೆ. ಆಂಟಿಬಯಾಟಿಕ್ ಡ್ರಾಪ್ಸ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ಗುಣವಾಗುತ್ತದೆ. ಕೈ ತೊಳೆಯುವುದು, ಟವೆಲ್ ಬೇರೆ ಇಡುವುದು, ತಣ್ಣೀರಿನ ಬಟ್ಟೆ ಇಟ್ಟುಕೊಳ್ಳುವುದು ಸಾಕಾಗುತ್ತದೆ. ಆದರೆ ಜೋರು ನೋವು, ಮಂಜು ದೃಷ್ಟಿ, ಬೆಳಕು ನೋಡಲಾಗದಿರುವುದು, ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಇದ್ದರೆ ಅಥವಾ ಕಣ್ಣಿಗೆ ಏನಾದರೂ ತಾಗಿದ್ದರೆ ಕಾಯಬೇಡಿ. ಭಾಲ್ಕಿ, ಔರಾದ್‌ನ ತಾಲ್ಲೂಕು ಆಸ್ಪತ್ರೆಗೋ ಬೀದರ್‌ನ ಬ್ರಿಮ್ಸ್‌ಗೋ ಅಂದೇ ಹೋಗಿ.

ವೈದ್ಯರು ಬರೆದುಕೊಟ್ಟ ಡ್ರಾಪ್ಸ್ ಹಾಕುವ ಕ್ರಮ

* ಕೈ ತೊಳೆದು, ಕೆಳರೆಪ್ಪೆ ಎಳೆದು ಒಂದೇ ಹನಿ ಹಾಕಿ. ಕಣ್ಣು ಹಿಡಿಯುವುದು ಅಷ್ಟೇ. ಎರಡನೆಯದು ಕೆನ್ನೆಗೆ ಹರಿಯುತ್ತದೆ.
* ಬಾಟಲಿಯ ತುದಿ ರೆಪ್ಪೆಗೆ, ಬೆರಳಿಗೆ ತಾಗಬಾರದು.
* ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆತ್ತಗೆ ಒತ್ತಿ. ಇಲ್ಲದಿದ್ದರೆ ಔಷಧಿ ಮೂಗಿನ ಮೂಲಕ ರಕ್ತ ಸೇರುತ್ತದೆ. ಗ್ಲಾಕೋಮಾಗೆ ಕೊಡುವ ಟಿಮೋಲೋಲ್ ಹೀಗೆ ಸೇರಿ ಆಸ್ತಮಾ ಇದ್ದವರ ಉಸಿರಾಟ ಕೆಡಿಸಬಹುದು. ಆಸ್ತಮಾ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.
* ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ.
* ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಎಕ್ಸ್‌ಪೈರಿ ದೂರವಿದ್ದರೂ, ಲೇಬಲ್‌ನಲ್ಲಿ ಬೇರೆ ಹೇಳಿಲ್ಲದಿದ್ದರೆ 28 ದಿನದ ನಂತರ ಎಸೆಯಿರಿ.
* ಗ್ಲಾಕೋಮಾ ಡ್ರಾಪ್ಸ್ ಅನ್ನು ನೋವಿಲ್ಲ ಎಂದು ನಿಲ್ಲಿಸಬೇಡಿ.

ಸ್ಟೀರಾಯ್ಡ್ ಡ್ರಾಪ್ಸ್ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಆಪರೇಷನ್ ಆದ ಕಣ್ಣಿಗೆ ಅದು ಬೇಕು. ಆದರೆ ಚಿಕಿತ್ಸೆ ಮುಗಿದ ಮೇಲೆ ಉಳಿದ ಬಾಟಲಿ ಕಪಾಟಿನಲ್ಲಿರಬಾರದು. ಇಂದು ನಿಮ್ಮ ಮನೆಯ ಕಪಾಟನ್ನೊಮ್ಮೆ ನೋಡಿಬಿಡಿ.