ಉಸಿರಿನ ಯಂತ್ರ: ಮಗುವಿನದು ಹಟವಲ್ಲ

ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿ ಮತ್ತೆಮತ್ತೆ ಉಸಿರು ಕಟ್ಟುವ ರೋಗ ಮಕ್ಕಳಿಗೂ ಉಂಟು. ರಾತ್ರಿ ಗೊರಕೆ, ಹಗಲು ತರಗತಿಯಲ್ಲಿ ತೂಕಡಿಕೆ ಇಲ್ಲವೆ ಚಡಪಡಿಕೆ. ಸೋಮಾರಿತನವೆಂದು ಬೈದುಬಿಡುವುದು ಸುಲಭ. ಬಹುಮಂದಿ ಮಕ್ಕಳಿಗೆ ಟಾನ್ಸಿಲ್, ಅಡೆನಾಯ್ಡ್ ತೆಗೆದರೆ ವಾಸಿಯಾಗುತ್ತದೆ. ಅದರಿಂದಲೂ ವಾಸಿಯಾಗದವರಿಗೆ, ಮಾಸ್ಕಿನ ಮೂಲಕ ಗಾಳಿಯೊತ್ತಿ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರವೇ ಆಸರೆ. ಆಸ್ಟ್ರೇಲಿಯದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಲೋಕದ ಮುಂದಿಟ್ಟರು.

ಈ ಯಂತ್ರ ತೊಟ್ಟ ರಾತ್ರಿ ಮಾತ್ರ ಕಾಯುತ್ತದೆ. ಆದ್ದರಿಂದ ದಿನವೂ ತೊಡಬೇಕು. ಆದರೆ ಮಗು ಕಿತ್ತೆಸೆದಾಗ ಗದರಿ, ಕೈಹಿಡಿದು ಕಟ್ಟಿದರೆ ಅಂಜಿಕೆಯೇ ಬೆಳೆಯುತ್ತದೆ. ಮೊದಲು ಹಗಲಿನಲ್ಲಿ, ಆಟದ ನಡುವೆ, ಗಾಳಿಯಿಲ್ಲದ ಮಾಸ್ಕನ್ನಷ್ಟೇ ತೊಡಿಸಿ, ಗೊಂಬೆಗೂ ತೊಡಿಸಲಿ. ಬಳಿಕ ಎಚ್ಚರವಿದ್ದಾಗಲೇ ಕೆಲವು ನಿಮಿಷ ಗಾಳಿ, ಆಮೇಲೆ ನಿದ್ದೆ. ಕೆನ್ನೆ ಕೆಂಪಾದರೆ, ಮೂಗು ಒಣಗಿದರೆ, ಗಾಳಿ ಕಣ್ಣಿಗೆ ಸೋರಿದರೆ ಮಗು ಅಳುವುದು ನ್ಯಾಯವಾದ ದೂರು, ವೈದ್ಯರಿಗೆ ಮುಟ್ಟಿಸಿ. ಬೆಳೆಯುವ ಮುಖಕ್ಕೆ ಮಾಸ್ಕಿನ ಅಳತೆಯೂ ಬದಲಾಗಬೇಕು.

ಈ ಹೊರೆ ತಾಯಿಯೊಬ್ಬಳದಲ್ಲ. ಯಂತ್ರ ಬರೆದುಕೊಟ್ಟು ಕೈತೊಳೆದುಕೊಳ್ಳುವ ಆಸ್ಪತ್ರೆ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ. ಕಲಿಸಿಕೊಡುವ ದಾದಿ, ಹೊಸ ಅಳತೆಯ ಮಾಸ್ಕು, ಎರಡೂ ಜಿಲ್ಲಾ ಆಸ್ಪತ್ರೆಯಲ್ಲೇ ದೊರೆಯಬೇಕು. ನೆಮ್ಮದಿಯ ಉಸಿರು ಉಳ್ಳವರ ಮಕ್ಕಳ ಸೊತ್ತಾಗಬಾರದು.