ಕಡಲ ಬಂಡೆಯಂಚಿನಲ್ಲಿ ನಡೆಯುವ ಮುನ್ನ



ನಮ್ಮ ಗಡಿನಾಡಿನ ಮನೆಗಳ ಮಕ್ಕಳು ಓದಿಗೆಂದೋ ಉದ್ಯೋಗಕ್ಕೆಂದೋ ಈಗ ಬ್ರಿಟನ್ನಿನವರೆಗೂ ಹೋಗಿ ನೆಲೆಸಿದ್ದಾರೆ. ಅಂತಹ ಹಳೆಯ ವಿದ್ಯಾರ್ಥಿಯೊಬ್ಬನು, ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದ ಕಡಲ ಪ್ರಪಾತದ ಮೇಲೆ ಗೆಳೆಯರೊಡನೆ ನಡೆಯುವ ಆಸೆಯಿದೆ, ಸಿದ್ಧತೆ ಹೇಗಿರಬೇಕೆಂದು ಪತ್ರಮುಖೇನ ಕೇಳಿದ್ದಾನೆ. ಆ ದ್ವೀಪವನ್ನು ನಾನು ಕಂಡವನಲ್ಲ. ಆದರೆ ಭೂಪಟವನ್ನು ಓದುವುದೂ ಓದಿಸುವುದೂ ನನ್ನ ಕಸುಬು. ಇತರ ಮನೆಗಳಿಗೂ ಉಪಯೋಗವಾದೀತೆಂದು ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಸೇಂಟ್ ಕಿಲ್ಡಾ ಎಂಬುದು ಒಂದು ದ್ವೀಪಸಮೂಹ. ಸ್ಕಾಟ್ಲೆಂಡಿನ ಹೊರ ಹೆಬ್ರಿಡೀಸ್ ದ್ವೀಪಗಳಿಂದಲೂ ಸುಮಾರು 64 ಕಿಲೋಮೀಟರ್ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ನಡುವೆ ಅದಿದೆ. ಅವುಗಳಲ್ಲಿ ದೊಡ್ಡದು ಹಿರ್ಟಾ. ಅಲ್ಲಿನ ಕೊನಾಕೇರ್ ಬೆಟ್ಟದ ಎತ್ತರ 430 ಮೀಟರು. ಅದರ ಉತ್ತರದ ಮಗ್ಗುಲು 427 ಮೀಟರಿನ ಪ್ರಪಾತವಾಗಿ ಕಡಲಿಗೆ ಇಳಿಯುತ್ತದೆ. ಬ್ರಿಟನ್ನಿನಲ್ಲಿ ಇದಕ್ಕಿಂತ ಎತ್ತರದ ಕಡಲ ಪ್ರಪಾತ ಬೇರೊಂದಿಲ್ಲ. ಜೋಗದ ನೀರು ಧುಮುಕುವುದು 253 ಮೀಟರು. ಇದು ಅದರ ಒಂದೂವರೆ ಪಾಲಿಗೂ ಮಿಗಿಲು.

ಮೊದಲನೆಯ ಪ್ರಶ್ನೆ ನಡಿಗೆಯದಲ್ಲ, ದಡ ಸೇರುವುದರದು. ಹ್ಯಾರಿಸ್ ದ್ವೀಪದ ಲೆವರ್‌ಬರ್ಗ್‌ನಿಂದ ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ಯಾಂತ್ರಿಕ ದೋಣಿಗಳು ಹೊರಡುತ್ತವೆ; ಹೋಗುವುದಕ್ಕೇ ಎರಡೂವರೆಯಿಂದ ಮೂರು ಗಂಟೆ ಬೇಕು. ಹಿರ್ಟಾದಲ್ಲಿ ದೋಣಿ ನಿಲ್ಲುವ ಕೊಲ್ಲಿಯ ಬಾಯಿ ಆಗ್ನೇಯಕ್ಕಿದೆ. ಆ ದಿಕ್ಕಿನಿಂದ ಗಾಳಿ ಬೀಸಿತೆಂದರೆ ದಡಕ್ಕೆ ಇಳಿಯುವುದೇ ಕಷ್ಟ. ಆಟಿ ತಿಂಗಳ ಕಡಲನ್ನು ಬಲ್ಲ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಒಂದು ದಿನವನ್ನಲ್ಲ, ಎರಡು ಮೂರು ದಿನಗಳನ್ನು ಕೈಯಲ್ಲಿಟ್ಟುಕೊಂಡು ಹೋಗತಕ್ಕದ್ದು. ದೋಣಿಯವನು ಆಗದೆಂದರೆ ಅವನನ್ನು ಒತ್ತಾಯಿಸಬಾರದು.

ಎರಡನೆಯದು ಕಾಲದ ಲೆಕ್ಕ. ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ ಚಾರಣಿಗ 1892ರಲ್ಲಿ ಒಂದು ಸೂತ್ರವನ್ನು ಹೇಳಿದನು. ಇಂದಿನ ಅಳತೆಯಲ್ಲಿ ಹೇಳುವುದಾದರೆ, 5 ಕಿಲೋಮೀಟರ್ ದಾರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಳ್ಳಿಯಿಂದ ‘ಗ್ಯಾಪ್’ ಎಂಬ ಕಣಿವೆಯ ನೆತ್ತಿಗೆ ಏರಿ, ಅಲ್ಲಿಂದ ಕೊನಾಕೇರ್ ತಲಪಿ, ಮುಲ್ಲಾಕ್ ಮೋರ್ ಬೆಟ್ಟದ ರಸ್ತೆ ಹಿಡಿದು ಮರಳುವ ದಾರಿ 5 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ದಾರಿಗೆ 60 ನಿಮಿಷ, 430 ಮೀಟರ್ ಏರಿಗೆ 43 ನಿಮಿಷ. ಒಟ್ಟು 103 ನಿಮಿಷ. ಇದು ಗಟ್ಟಿಗರು ಎಲ್ಲಿಯೂ ನಿಲ್ಲದೆ ನಡೆದಾಗಿನ ಲೆಕ್ಕ. ಗಾಳಿ, ಕೆಸರು, ದಣಿವು, ನೋಟ ಇವುಗಳಿಗಾಗಿ ಇಮ್ಮಡಿ ಮಾಡಿದರೆ ಸುಮಾರು ಮೂರೂವರೆ ಗಂಟೆಯಾಯಿತು. ದಡದಲ್ಲಿ ದೊರೆಯುವ ಅವಧಿಯೋ ಸಾಮಾನ್ಯವಾಗಿ ನಾಲ್ಕೈದು ಗಂಟೆ. ಉಳಿಯುವುದು ಸ್ವಲ್ಪವೇ. ಆದುದರಿಂದ ಎಲ್ಲಿಗೆ ತಲಪಿದ್ದರೂ ಸರಿ, ಇಂತಿಷ್ಟು ಗಂಟೆಗೆ ಹಿಂದಿರುಗುವುದು ಎಂದು ಹೊರಡುವ ಮೊದಲೇ ಗೊತ್ತುಮಾಡಬೇಕು.

ಮೂರನೆಯದು ಅಂಚು. ಹುಲ್ಲಿನ ಇಳಿಜಾರು ಹೊರಗೆ ಉಬ್ಬಿ ಬಾಗುವುದರಿಂದ, ಪ್ರಪಾತ ಎಲ್ಲಿ ಮೊದಲಾಗುತ್ತದೆಂಬುದು ಮೇಲೆ ನಿಂತವನಿಗೆ ಕಾಣಿಸುವುದಿಲ್ಲ. ಒದ್ದೆಹುಲ್ಲು ಜಾರುತ್ತದೆ, ಬೆನ್ನ ಹಿಂದಿನ ಗಾಳಿ ನೂಕುತ್ತದೆ. ಮಂಜು ಕವಿಯಿತೆಂದರೆ ದಿಕ್ಸೂಚಿಯೂ ಭೂಪಟವೂ ಕೈಯಲ್ಲಿರಬೇಕು, ಅವನ್ನು ಬಳಸಲು ಬಂದಿರಬೇಕು. ಗೂಡುಕಟ್ಟುವ ಕಾಲದಲ್ಲಿ ಫುಲ್ಮಾರ್ ಹಕ್ಕಿಯ ಬಳಿ ಸಾರಿದರೆ ಅದು ದುರ್ಗಂಧದ ಎಣ್ಣೆಯನ್ನು ಉಗುಳುತ್ತದೆ. ಸ್ಕುವಾ ಎಂಬ ದೊಡ್ಡ ಹಕ್ಕಿ ತಲೆಗೇ ಎರಗುತ್ತದೆ. 2021–22ರ ಹಕ್ಕಿಜ್ವರದಿಂದ ಇವುಗಳ ಸಂಖ್ಯೆ ಬಹಳ ಕುಗ್ಗಿದೆ. ಉಳಿದವುಗಳ ಗೂಡಿನಿಂದ ದೂರ ಸರಿಯುವುದೇ ಧರ್ಮ. ದ್ವೀಪದಲ್ಲಿ ಹೆಗ್ಗಣಗಳ ಕಾಟವಿಲ್ಲ. ಒಂದು ಜೊತೆ ಹೆಗ್ಗಣ ದಡ ಹತ್ತಿದರೂ ಹಕ್ಕಿಗಳ ಮೊಟ್ಟೆಮರಿಗಳಿಗೆ ಆಪತ್ತು. ಹೊರಡುವ ಮುನ್ನ ಚೀಲಗಳನ್ನು ಬಿಚ್ಚಿ ನೋಡಬೇಕೆಂಬ ನಿಯಮ ಅದಕ್ಕಾಗಿಯೇ ಇದೆ.

ಇಷ್ಟೆಲ್ಲ ಎಚ್ಚರವನ್ನು ಆ ನೆಲದವರಿಂದಲೇ ಕಲಿಯಬಹುದು. ಗೇಲಿಕ್ ಭಾಷೆಯನ್ನಾಡುತ್ತಿದ್ದ ದ್ವೀಪವಾಸಿಗಳು ಹಗ್ಗ ಹಿಡಿದು ಇದೇ ಪ್ರಪಾತಗಳಲ್ಲಿ ಇಳಿದು, ಹಕ್ಕಿಗಳನ್ನೂ ಮೊಟ್ಟೆಗಳನ್ನೂ ತಂದು ಬಾಳಿದರು. ಹಕ್ಕಿಯ ಗರಿ, ಎಣ್ಣೆಗಳನ್ನೇ ಒಡೆಯನಿಗೆ ಗೇಣಿಯಾಗಿ ತೆತ್ತರು. ಭಾನುವಾರವೊಂದುಳಿದು ಪ್ರತಿದಿನ ಬೆಳಿಗ್ಗೆ ಗಂಡಸರೆಲ್ಲ ಬೀದಿಯಲ್ಲಿ ಸೇರಿ, ಆಕಾಶವನ್ನೂ ಕಡಲನ್ನೂ ನೋಡಿ, ಅಂದಿನ ಕೆಲಸವೇನೆಂದು ಚರ್ಚಿಸುತ್ತಿದ್ದರು. ಹುಟ್ಟಿನಿಂದ ಬಂಡೆಯನ್ನು ಬಲ್ಲವರೇ ದಿನದಿನವೂ ಕೇಳಿಕೊಂಡು ಹೊರಡುತ್ತಿದ್ದರೆ, ಒಂದು ದಿನದ ಅತಿಥಿಗೆ ಅವಸರವೇತಕ್ಕೆ?

ಕ್ರಮೇಣ ಯುವಕರು ಹೊರನಾಡಿಗೆ ಹೋದರು. ದುಡಿಯುವ ಕೈಗಳು ಸಾಲದಾದವು. ಉಳಿದವರು ತಾವೇ ಸರ್ಕಾರಕ್ಕೆ ಬಿನ್ನವಿಸಿಕೊಂಡು, 1930ರ ಆಗಸ್ಟ್ 29ರಂದು 36 ಮಂದಿ ಊರನ್ನು ಬಿಟ್ಟರು. ಹೊರಡುವಾಗ ಮನೆಮನೆಯಲ್ಲೂ ಬೈಬಲನ್ನು ತೆರೆದಿಟ್ಟು, ಪಕ್ಕದಲ್ಲಿ ಒಂದು ಹಿಡಿ ಧಾನ್ಯವನ್ನು ಇರಿಸಿದರೆಂದು ಹೇಳುತ್ತಾರೆ. ಅಂದು 8 ವರ್ಷದ ಬಾಲಕಿಯಾಗಿದ್ದ, ಅವರಲ್ಲಿ ಕೊನೆಯವರಾದ ರೇಚಲ್ ಜಾನ್ಸನ್ 2016ರಲ್ಲಿ ತೀರಿಕೊಂಡರು. ಮನೆಗಳ ಸಾಲು, ಚರ್ಚಿಗೆ ಹೊಂದಿದ ಶಾಲೆಯ ಕೊಠಡಿ, ಆಹಾರ ಕಾಪಿಡಲು ಕಟ್ಟಿದ ಸಾವಿರಕ್ಕೂ ಮಿಕ್ಕ ಕಲ್ಲಿನ ಗೂಡುಗಳು ಇಂದಿಗೂ ಇವೆ. ನಡಿಗೆಯ ಯೋಜನೆಯಲ್ಲಿ ಆ ಬೀದಿಗೂ ಅರ್ಧ ಗಂಟೆಯನ್ನು ಮೀಸಲಿಡಬೇಕು. ಬೆಟ್ಟವನ್ನು ಬಿಟ್ಟು ಬಂದರೂ ಚಿಂತೆಯಿಲ್ಲ, ಅದನ್ನು ಬಿಡಬಾರದು.

ಹಿರಿಯರಲ್ಲಿ ಒಂದು ಮಾತು. ದೂರದಲ್ಲಿರುವ ಮಕ್ಕಳು ಇಂತಹ ಪಯಣಕ್ಕೆ ಹೊರಟಾಗ ‘ಬೇಡ’ ಎಂದು ತಡೆಯುವುದರಿಂದ ಪ್ರಯೋಜನವಿಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಗಾಳಿ ಯಾವ ದಿಕ್ಕಿನದು? ಹಿಂದಿರುಗುವ ಗಂಟೆ ಯಾವುದು? ಜೊತೆಯಲ್ಲಿ ಯಾರಿದ್ದಾರೆ? ಆಗದಿದ್ದರೆ ಏನು ಮಾಡುವಿರಿ? ಕೊನೆಯ ಪ್ರಶ್ನೆಗೆ ನಗುನಗುತ್ತಾ ಉತ್ತರ ಹೇಳಬಲ್ಲವರನ್ನು ನಿಶ್ಚಿಂತೆಯಿಂದ ಕಳುಹಿಸಬಹುದು.